ಒಂದು ಹಲ್ಲಿನ ಜಾಗ

ಈಚೆಗೆ ನಾನು ಊಟಕ್ಕೆ ಕೂರುವ ಮೊದಲು ಬಾಯಿಂದ ಏನನ್ನೋ ಕಳಚಿ ಡಬ್ಬಿಯಲ್ಲಿಡುವ ಹೆಂಗಸಾಗಿದ್ದೇನೆ. ನೋಡಿದವರು ಹಲ್ಲುಸೆಟ್ಟು ಅಂದುಕೊಂಡು ಕನಿಕರಪಡುತ್ತಾರೆ. ಹಲ್ಲುಸೆಟ್ಟಲ್ಲ. ನೀರಿನ ಬಾಟಲಿಯಷ್ಟು ತಿಳಿಯಾದ, ಉಗುರಿನಷ್ಟು ತೆಳ್ಳನೆಯ ಪ್ಲಾಸ್ಟಿಕ್ ಕವಚ. ಇರುವ ಹಲ್ಲುಗಳ ಮೇಲೆ ಟೋಪಿಯ ಹಾಗೆ ಕೂರುತ್ತದೆ. ಅಲೈನರ್ ಎಂದು ಅದರ ಹೆಸರು. ಬಸವೇಶ್ವರನಗರದ ನಮ್ಮ ಕ್ಲಿನಿಕ್ಕಿನಲ್ಲಿ ಎಲ್ಲರೂ ಟ್ರೇ ಎನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ. ದಿನಕ್ಕೆ ಇಪ್ಪತ್ತೆರಡು ಗಂಟೆ ಅದು ಬಾಯಲ್ಲಿರಬೇಕು. ಉಳಿದ ಎರಡು ಗಂಟೆಯಲ್ಲಿ ತಿಂಡಿ, ಊಟ, ಎರಡು ಸಲದ ಕಾಫಿ, ಹಲ್ಲುಜ್ಜುವುದು ಎಲ್ಲ ಮುಗಿಯಬೇಕು. ಐವತ್ತೊಂಬತ್ತನೆಯ ವಯಸ್ಸಿನಲ್ಲಿ ಹೈಸ್ಕೂಲು ಹುಡುಗಿಯರ ಸಾಮಾನು ಬಾಯಲ್ಲಿಟ್ಟುಕೊಂಡು ಚಂದ್ರಾ ಲೇಔಟಿನ ತರಕಾರಿ ಅಂಗಡಿಯ ಮುಂದೆ ಸೊಪ್ಪಿನ ರೇಟು ಕೇಳುವಾಗ ನನಗೇ ನಾಚಿಕೆಯಾಗುತ್ತದೆ.

ಇನ್ನು ಮನೆಯಲ್ಲಿ ಬೇರೆ ತಾಪತ್ರಯ. ನಮ್ಮ ಮನೆಯವರದು ಬೆಳಿಗ್ಗೆ ಎಂಟಕ್ಕೆ ಲಿಂಗಪೂಜೆ. ಪೂಜೆಯಾದ ಮೇಲೆ ಒಂದು ಚೂರು ಬಾಳೆಹಣ್ಣೋ ಎರಡು ಕಲ್ಲುಸಕ್ಕರೆಯೋ ನನ್ನ ಕೈಗೆ ಬೀಳುತ್ತದೆ. ಪ್ರಸಾದ ಬೇಡ ಎನ್ನುವ ಮನೆತನ ನಮ್ಮದಲ್ಲ. ಎರಡು ಕಲ್ಲುಸಕ್ಕರೆಗೆ ಟ್ರೇ ತೆಗೆ, ಬಾಯಿ ಮುಕ್ಕಳಿಸು, ಟ್ರೇ ತೊಳಿ, ಒರೆಸು, ಮತ್ತೆ ಕಚ್ಚಿ ಕೂರಿಸು. ಇಷ್ಟಾಗುವ ಹೊತ್ತಿಗೆ ಶಿವನಿಗೇ ಬೇಜಾರಾಗಿರಬೇಕು.

ಇಷ್ಟೆಲ್ಲ ಯಾಕೆ ಎಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಮೇಲಿನ ಸಾಲಿನಲ್ಲಿ, ಮುಂದಿನ ಎರಡು ದೊಡ್ಡ ಹಲ್ಲುಗಳ ಬಲಪಕ್ಕದಲ್ಲಿ, ಮೂವತ್ತು ವರ್ಷದಿಂದ ನನಗೆ ಒಂದು ಹಲ್ಲಿಲ್ಲ. ಬೆಂಗಳೂರಿನಲ್ಲಿ ಕಾಂಪೌಂಡು ಹಾಕದೆ ಸೈಟು ಖಾಲಿ ಬಿಟ್ಟರೆ ಏನಾಗುತ್ತದೆಂದು ನಿಮಗೆ ಗೊತ್ತು. ಅಕ್ಕಪಕ್ಕದವರು ದಿನಕ್ಕಿಷ್ಟು ಒಳಗೆ ಬರುತ್ತಾರೆ. ನನ್ನ ಬಾಯಲ್ಲಿ ಆದದ್ದೂ ಅದೇ. ಎಡಗಡೆಯ ದೊಡ್ಡ ಹಲ್ಲು ಇತ್ತ ವಾಲಿತು, ಬಲಗಡೆಯ ಕೋರೆಹಲ್ಲು ಅತ್ತ ವಾಲಿತು, ಜಾಗ ಅರ್ಧಕ್ಕೆ ಬಂತು. ವಾಲಿದ ಎರಡರ ಬುಡದಲ್ಲಿ ಅನ್ನ ಸಿಕ್ಕಿ ಸಿಕ್ಕಿ ಒಸಡು ಊದಿಕೊಂಡಾಗ ಡಾಕ್ಟರ ಹತ್ತಿರ ಹೋದೆ. ಹೀಗೇ ಬಿಟ್ಟರೆ ಇನ್ನೆರಡು ಹಲ್ಲು ಹೋಗುತ್ತವೆ ಎಂದರು. ಮೂಳೆಗೆ ಸ್ಕ್ರೂ ಹಾಕಿ ಇಂಪ್ಲಾಂಟ್ ಕೂರಿಸಬೇಕು, ಆದರೆ ಅದಕ್ಕೆ ಈಗ ಜಾಗವೇ ಇಲ್ಲ. ಮೊದಲು ಟ್ರೇ ಹಾಕಿ ವಾಲಿದ ಹಲ್ಲುಗಳನ್ನು ಹಿಂದಕ್ಕೆ ತಳ್ಳಿ, ಮುಂಚೆ ಇದ್ದಷ್ಟೇ ಸಂದು ಮಾಡಬೇಕು. ಹದಿನಾಲ್ಕು ಟ್ರೇ, ಹತ್ತು ಹತ್ತು ದಿನಕ್ಕೆ ಒಂದು. ಒಂದೊಂದು ಟ್ರೇ ಕಾಲು ಮಿಲಿಮೀಟರು ಜರುಗಿಸುತ್ತದೆ. ಒತ್ತುವರಿ ತೆರವು ಎಂದುಕೊಳ್ಳಿ.

ಹೊಸ ರೋಗಿಯ ಫಾರಂ ತುಂಬುವಾಗ ಡಾಕ್ಟರು ಕೇಳಿದರು, "ಹಲ್ಲು ಹೋಗಿದ್ದು ಹೇಗೆ ಮೇಡಂ?"

ನಾನು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿ ಕೂತಿದ್ದ ನಮ್ಮ ಮನೆಯವರು, "ಬಚ್ಚಲಲ್ಲಿ ಜಾರಿ ಬಿದ್ಲು ಸಾರ್, ಮೂವತ್ತು ವರ್ಷ ಆಯ್ತು" ಎಂದರು.

ನಾನು ಇವರ ಮುಖ ನೋಡಿದೆ. ಕಣ್ಣು ಅಳುಕಲಿಲ್ಲ, ದನಿ ನಡುಗಲಿಲ್ಲ, ಕೈ ಚೀಲದ ಹಿಡಿಯನ್ನು ಸರಿಮಾಡಲಿಲ್ಲ. ಸುಳ್ಳು ಹೇಳುವ ಮನುಷ್ಯನ ಮುಖ ನನಗೆ ಗೊತ್ತು, ನಾನು ಇಪ್ಪತ್ತಾರು ವರ್ಷ ವಿಜಯನಗರದ ಒಂದು ಶಾಲೆಯಲ್ಲಿ ಕನ್ನಡ ಟೀಚರಾಗಿದ್ದವಳು. ಇವರದು ಆ ಮುಖವಲ್ಲ. ಇವರು ಅದನ್ನು ನಂಬಿಬಿಟ್ಟಿದ್ದರು. ಆ ಕುರ್ಚಿಯಲ್ಲಿ ಕೂತಾಗ ನನಗಾದ ಭಯ ಸೂಜಿಗೂ ಅಲ್ಲ, ಸ್ಕ್ರೂವಿಗೂ ಅಲ್ಲ. ಇನ್ನು ನಡೆದದ್ದನ್ನು ಬಲ್ಲವಳು ಈ ಭೂಮಿಯ ಮೇಲೆ ನಾನೊಬ್ಬಳೇ ಎಂದು ಭಯವಾಯಿತು.

ನಾನು ಬಚ್ಚಲಲ್ಲಿ ಜಾರಿರಲಿಲ್ಲ. ಇವರು ಹೊಡೆದದ್ದು.

ನಮ್ಮ ಮಾತಿನಲ್ಲಿ 'ಹಲ್ಲು ಉದುರಿಸಿಬಿಡ್ತೀನಿ' ಎನ್ನುವುದು ಬಹಳ ಸಸ್ತಾ ಬೆದರಿಕೆ. ಅಪ್ಪ ಮಗನಿಗೆ ಅನ್ನುತ್ತಾನೆ, ಸಿಗ್ನಲ್ಲಿನಲ್ಲಿ ಆಟೋದವನು ಬೈಕಿನವನಿಗೆ ಅನ್ನುತ್ತಾನೆ, ಹಿಂದಿನ ಬೆಂಚಿನ ಹುಡುಗರಿಗೆ ನಾನೂ ಅಂದಿದ್ದೇನೆ. ಅನ್ನುವವರಿಗೂ ಅನ್ನಿಸಿಕೊಳ್ಳುವವರಿಗೂ ಗೊತ್ತು, ಒಂದು ಹಲ್ಲೂ ಉದುರುವುದಿಲ್ಲ. ಅದನ್ನು ನಿಜವಾಗಿ ಮಾಡಿ ತೋರಿಸಿದ ಗಂಡಸು ನಾನು ಕಂಡ ಹಾಗೆ ಇವರೊಬ್ಬರೇ. ಅದೂ ಬೆದರಿಕೆ ಹಾಕದೆ.

ಆಗ ನಾವು ರಾಜಾಜಿನಗರದ ಒಂದು ವಠಾರದಲ್ಲಿದ್ದೆವು. ಹೆಂಚಿನ ಮನೆ, ಎರಡು ಕೋಣೆ. ದಾವಣಗೆರೆ ಕಡೆಯಿಂದ ಬಂದ, ಈಗ ತೀರಿಹೋಗಿರುವ ಅತ್ತೆ, ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದ ಇವರು, ನಾನು, ಆರು ವರ್ಷದ ಮಗಳು ಉಮಾ. ಒಂದು ಭಾನುವಾರ ಇವರ ಕಚೇರಿಯ ಇಬ್ಬರು ಮನೆಗೆ ಬಂದಿದ್ದರು. ಆ ವಾರವಷ್ಟೇ ಇವರು ಸೆಕೆಂಡ್ ಹ್ಯಾಂಡಿನಲ್ಲಿ ಒಂದು ಸ್ಕೂಟರು ತಂದಿದ್ದರು. ಅದನ್ನು ತೋರಿಸಲು ಗೇಟಿನ ಹತ್ತಿರ ಕರೆದುಕೊಂಡು ಹೋದರು. ಒದ್ದರು, ಒದ್ದರು, ಒಂದು ಪಕ್ಕಕ್ಕೆ ವಾಲಿಸಿ ನಿಲ್ಲಿಸಿ ಮತ್ತೆ ಒದ್ದರು. ಅದು ಎರಡು ಸಲ ಕೆಮ್ಮಿ ಸುಮ್ಮನಾಯಿತು. ಬಾಗಿಲಲ್ಲಿ ನಿಂತಿದ್ದ ನಾನು ನಕ್ಕೆ. ಬಾಯಿ ತುಂಬ ನಕ್ಕೆ, ಆಗ ನನಗೆ ಹಾಗೆ ನಗಲು ಬರುತ್ತಿತ್ತು. ನನ್ನನ್ನು ನೋಡಿ ಆ ಇಬ್ಬರೂ ನಕ್ಕರು. ಅವರು ಹೋದ ಮೇಲೆ ಇವರು ಒಳಗೆ ಬಂದು ಹಿತ್ತಾಳೆ ಚೊಂಬಿನಲ್ಲಿ ನೀರು ಕುಡಿದರು. ಕುಡಿದು, ಚೊಂಬು ಕೈಯಲ್ಲಿದ್ದ ಹಾಗೇ ನನ್ನ ಬಾಯಿಗೆ ಬೀಸಿದರು.

ಅದಕ್ಕೆ ಮುಂಚೆ ಕೆನ್ನೆಗೆ ಒಂದೆರಡು ಸಲ ಬಿದ್ದಿತ್ತು. ಅದಾದ ಮೇಲೆ ಇವತ್ತಿನವರೆಗೂ ಇವರು ನನ್ನ ಮೇಲೆ ಕೈಯೆತ್ತಿಲ್ಲ. ಈ ಮಾತನ್ನು ಇವರ ಪರವಾಗಿ ಬರೆಯುತ್ತಿದ್ದೇನೋ ವಿರುದ್ಧವಾಗಿ ಬರೆಯುತ್ತಿದ್ದೇನೋ ನನಗೇ ತಿಳಿಯುತ್ತಿಲ್ಲ. ನಿಲ್ಲಿಸಲು ಬರುತ್ತಿತ್ತು ಎಂದಾಯಿತಲ್ಲ.

ಅಂಗಳದಲ್ಲಿ ಆಡುತ್ತಿದ್ದ ಉಮಾ ಸದ್ದು ಕೇಳಿ ಓಡಿ ಬಂದಳು. ನನ್ನ ಬಾಯಲ್ಲಿ ರಕ್ತ, ನೆಲದ ಮೇಲೆ ಹಲ್ಲು. ಇವರು ಗೋಡೆಗೆ ಮುಖ ಮಾಡಿ ನಿಂತಿದ್ದರು. ಅತ್ತೆ ಮಗುವನ್ನು ಎಳೆದುಕೊಂಡು, "ನಿಮ್ಮಮ್ಮ ಬಚ್ಚಲಾಗೆ ಜಾರಿ ಬಿದ್ಳು ಕಣವ್ವ, ಏನೂ ಆಗಿಲ್ಲ" ಎಂದರು. ಉಮಾ ನನ್ನ ಮುಖ ನೋಡಿದಳು. ಬಾಯಿಗೆ ಸೆರಗು ಒತ್ತಿಕೊಂಡು ನಾನು ಹೌದು ಎಂದು ತಲೆಯಾಡಿಸಿದೆ.

ಅವಳಿಗೂ ಆಗ ಹಾಲುಹಲ್ಲು ಬೀಳುವ ಕಾಲ. ಹಿಂದಿನ ವಾರವಷ್ಟೇ ಅವಳ ಮುಂದಿನ ಹಲ್ಲನ್ನು ಪದ್ಧತಿಯಂತೆ ಸಗಣಿ ಉಂಡೆಯೊಳಗಿಟ್ಟು ಮಾಡಿನ ಮೇಲೆ ಎಸೆದಿದ್ದೆವು. ಹಾಗೆ ಎಸೆದರೆ ಹೊಸ ಹಲ್ಲು ಬರುತ್ತದೆ. ಅವಳು ನೆಲದ ಮೇಲಿದ್ದ ನನ್ನ ಹಲ್ಲನ್ನು ಎತ್ತಿಕೊಂಡು, "ಅಮ್ಮಂಗೂ ಹೊಸಾದು ಬರತ್ತೆ ಅಲ್ವಾ ಅಜ್ಜಿ?" ಎಂದು ಕೇಳಿದಳು. ಅತ್ತೆಗೆ ಮಗುವನ್ನು ಹೊರಗೆ ಕರೆದುಕೊಂಡು ಹೋಗುವುದಕ್ಕೆ ಒಂದು ನೆಪ ಸಿಕ್ಕಿತು. ವಠಾರದ ಮೂಲೆಯಲ್ಲಿ ಹಾಲಿನವರ ಹಸುಗಳಿದ್ದವು. ಅಜ್ಜಿ ಮೊಮ್ಮಗಳು ಹೋಗಿ ಉಂಡೆ ಕಟ್ಟಿ, ಹಲ್ಲು ಹುದುಗಿಸಿ, ಹೆಂಚಿನ ಮೇಲೆ ಎಸೆದು ಬಂದರು. ಆಮೇಲೆ ಸುಮಾರು ದಿನ ಉಮಾ ಎದ್ದ ತಕ್ಷಣ ನನ್ನ ಮೇಲ್ದುಟಿ ಎತ್ತಿ, ಹೊಸ ಹಲ್ಲು ಬಂತಾ ಎಂದು ನೋಡುತ್ತಿದ್ದಳು. ಅವಳದು ಬಂತು. ನನ್ನದು ಬರುವ ಹಾಗಿರಲಿಲ್ಲ ಎಂದು ಅವಳಿಗೆ ತಾನಾಗಿಯೇ ತಿಳಿಯಿತು.

ಈಗ ಕ್ಲಿನಿಕ್ಕಿನ ಗೋಡೆಯ ಮೇಲೆ ಒಂದು ಚಿತ್ರ ಇದೆ. ಪೆಟ್ಟಾಗಿ ಹಲ್ಲು ಬುಡಸಮೇತ ಬಿದ್ದರೆ ಅದನ್ನು ಒಂದು ಲೋಟ ಹಾಲಿನಲ್ಲಿ ಹಾಕಿ ಒಂದು ಗಂಟೆಯೊಳಗೆ ತನ್ನಿ, ಅದೇ ಹಲ್ಲನ್ನು ವಾಪಸು ಕೂರಿಸಬಹುದು. ನನ್ನ ಸರದಿಗೆ ಕಾಯುತ್ತ ಅದನ್ನು ಎರಡೆರಡು ಸಲ ಓದಿದೆ. ರಾಜಾಜಿನಗರದಲ್ಲಿ ಆಗಲೂ ನಡೆದು ಹೋಗುವಷ್ಟು ದೂರದಲ್ಲಿ ಒಬ್ಬ ಹಲ್ಲಿನ ಡಾಕ್ಟರಿದ್ದರು. ಹಾಲೂ ಇತ್ತು, ಸಗಣಿಯೂ ಇತ್ತು, ಎರಡೂ ಒಂದೇ ಹಸುವಿನದು. ನಾವು ಆರಿಸಿದ್ದು ಸಗಣಿಯನ್ನು.

ನಮ್ಮ ಮನೆದೇವರು ವೀರಭದ್ರ. ನಮ್ಮವರ ಮದುವೆಗಳಲ್ಲಿ ಪುರವಂತರು ಕತ್ತಿ ಹಿಡಿದು, ಸಂಬಾಳದ ಬಡಿತಕ್ಕೆ ಕುಣಿಯುತ್ತ, ದಕ್ಷನ ಯಜ್ಞ ಹಾಳಾದ ಕಥೆಯನ್ನು ಆವೇಶದಿಂದ ಹೇಳುತ್ತಾರೆ. ಶಿವನನ್ನು ಹಳಿಯುತ್ತಿದ್ದ ಆ ಸಭೆಯಲ್ಲಿ ಒಬ್ಬ ದೇವತೆ ಹಲ್ಲು ಬಿಟ್ಟು ನಕ್ಕನಂತೆ. ವೀರಭದ್ರ ಬಂದವನೇ ಅವನ ಹಲ್ಲು ಕಿತ್ತನಂತೆ. ಕೊನೆಗೆ ಎಲ್ಲ ಶಾಂತವಾದಾಗ, ತಲೆ ಹೋದ ದಕ್ಷನಿಗೆ ಒಂದು ಟಗರಿನ ತಲೆಯಾದರೂ ಸಿಕ್ಕಿತು. ನಕ್ಕವನಿಗೆ ಹಲ್ಲು ಮಾತ್ರ ಸಿಗಲಿಲ್ಲ. ಇನ್ನು ಮುಂದೆ ನಿನ್ನ ಪಾಲಿನ ನೈವೇದ್ಯವನ್ನು ಹಿಟ್ಟು ಮಾಡಿ ಕೊಡುತ್ತಾರೆ, ನೆಕ್ಕಿಕೊಂಡಿರು ಎಂದರಂತೆ. ಚಿಕ್ಕಂದಿನಲ್ಲಿ ಆ ಕಥೆ ಕೇಳಿ ನನಗೆ ಭಕ್ತಿಯಿಂದ ರೋಮಾಂಚನವಾಗುತ್ತಿತ್ತು. ವಠಾರದ ಆ ಭಾನುವಾರದ ಮೇಲೆ ಹದಿನೈದು ದಿನ ರಾಗಿ ಗಂಜಿ ಕುಡಿದೆ ನೋಡಿ, ಅಂದಿನಿಂದ ಪುರವಂತರು ಕತ್ತಿ ಎತ್ತಿದ ಕೂಡಲೇ ನನಗೆ ಆ ಬೊಚ್ಚುಬಾಯಿಯ ದೇವತೆಯೇ ನೆನಪಾಗುತ್ತಾನೆ. ಪಾಪ, ಅವನ ಮನೆಯಲ್ಲಿ ಏನೆಂದು ಹೇಳಿದನೋ.

ತಿಂಗಳ ಮೇಲೆ ಇವರೇ ನನ್ನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಹಾಕಿ ತೆಗೆಯುವ ಒಂದು ಹಲ್ಲಿನ ಪ್ಲೇಟು ಮಾಡಿಸಿಕೊಟ್ಟರು. ಆ ಡಾಕ್ಟರೂ ಕೇಳಿದರು, ಹೇಗಾಯಿತು ಎಂದು. ಬಚ್ಚಲಲ್ಲಿ ಜಾರಿದೆ ಎಂದೆ. ಅಮ್ಮನಿಗೆ ಹಾಗೇ ಹೇಳಿದೆ, ಶಾಲೆಯಲ್ಲಿ ಹಾಗೇ ಹೇಳಿದೆ. ಪ್ಲೇಟನ್ನು ಎರಡು ವರ್ಷ ಹಾಕಿದೆ. ಒಂದು ದಿನ ಯಾಕೋ ಅದನ್ನು ಡಬ್ಬಿಯಲ್ಲಿಟ್ಟು ಬೀರುವಿನ ಮೇಲಿನ ಖಾನೆಗೆ ಎಸೆದೆ. ಹೊರಗೆ ಹೋದಾಗ ಕೈ ಅಡ್ಡ ಹಿಡಿದು ಮಾತಾಡುತ್ತಿದ್ದೆ, ನಗುವುದನ್ನು ತುಟಿ ಮುಚ್ಚಿ ಮುಗಿಸುತ್ತಿದ್ದೆ, ಆದರೆ ಮನೆಯಲ್ಲಿ ಊಟಕ್ಕೆ ಎದುರು ಕೂತಾಗ ಇವರು ಆ ಸಂದನ್ನು ನೋಡಲಿ ಎಂದು ನನ್ನ ಹಟ. ಬೇರೆ ಹೆಂಗಸರು ತವರಿಗೆ ಹೋಗಿ ಕೂರುತ್ತಾರೆ, ಪಂಚಾಯಿತಿ ಸೇರಿಸುತ್ತಾರೆ. ನಾನು ಮಾಡಿದ ದಂಗೆ ಇಷ್ಟು. ಬಾಯಿ ಬಿಟ್ಟು ಹೇಳುವುದಿಲ್ಲ, ಬಾಯಿ ಬಿಟ್ಟು ತೋರಿಸುತ್ತೇನೆ.

ಆ ದಂಗೆಗೂ ನನ್ನ ಹಲ್ಲುಗಳೇ ಎರಡು ಬಗೆದವು. ವರ್ಷ ವರ್ಷಕ್ಕೆ ವಾಲಿ ವಾಲಿ ಸಂದು ಮುಚ್ಚುತ್ತ ಬಂದವು. ಅದು ಕಿರಿದಾದ ಹಾಗೆ ಇವರ ನೆನಪೂ ಕಿರಿದಾಗಿರಬೇಕು. ಚಂದ್ರಾ ಲೇಔಟಿನಲ್ಲಿ ಮನೆ ಕಟ್ಟಿಸುವಾಗ ಇವರು ಮೇಸ್ತ್ರಿಗೆ, "ಬಚ್ಚಲಿಗೆ ನುಣುಪು ಕಲ್ಲು ಹಾಕ್ಬೇಡಪ್ಪ, ನಮ್ಮ ಮನೆಯವ್ರು ಹಿಂದೆ ಜಾರಿ ಬಿದ್ದು ಹಲ್ಲು ಕಳ್ಕೊಂಡಿದ್ದಾರೆ" ಎಂದರು. ನಾನು ಅಲ್ಲೇ ಇಟ್ಟಿಗೆಗೆ ನೀರು ಹಾಕುತ್ತ ನಿಂತಿದ್ದೆ. ನಮ್ಮ ಬಚ್ಚಲಿನ ನೆಲ ಇವತ್ತಿಗೂ ಕಾಲು ತರಚುವಷ್ಟು ಒರಟು. ಗೋಡೆಗೆ ಹಿಡಿದುಕೊಳ್ಳಲು ಎರಡು ಸ್ಟೀಲು ಕಂಬಿ. ಉಮಾ ನಮ್ಮ ಮನೆಗೆ ಬಂದಾಗಲೆಲ್ಲ ಸ್ನಾನಕ್ಕೆ ಹೋಗುವ ಮುಂಚೆ ರಬ್ಬರ್ ಮ್ಯಾಟು ಸರಿಯಾಗಿದೆಯಾ ಎಂದು ಕಾಲಿನಿಂದ ಒತ್ತಿ ನೋಡುತ್ತಾಳೆ. ನಡೆಯದೇ ಇದ್ದ ಒಂದು ಅಪಘಾತದಿಂದ ನಮ್ಮನ್ನು ಕಾಪಾಡಲು ಇಡೀ ಮನೆ ಸನ್ನದ್ಧವಾಗಿದೆ.

ಉಮಾಳ ವಿಷಯ ಹೇಳಿದೆನಲ್ಲ. ಅವಳಿಗೀಗ ಮೂವತ್ತಾರು. ಉಲ್ಲಾಳದ ಹತ್ತಿರ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತ, ಅಲ್ಲೇ ಬಾಡಿಗೆ ಮನೆ ಮಾಡಿಕೊಂಡು ಒಬ್ಬಳೇ ಇದ್ದಾಳೆ. ಮದುವೆಯಾಗಿ ಮೂರು ವರ್ಷಕ್ಕೆ ಗಂಡನನ್ನು ಬಿಟ್ಟು ಬಂದಳು. ಯಾಕೆ ಎಂದರೆ, "ಸೆಟ್ ಆಗ್ಲಿಲ್ಲ ಅಮ್ಮ" ಎನ್ನುವುದರ ಹೊರತು ಇನ್ನೊಂದು ಮಾತಿಲ್ಲ. ಅದಕ್ಕೆ ಮುಂಚೆ ಎರಡು ಸಲ ಚೀಲ ಹಿಡಿದು ಬಂದಿದ್ದವಳನ್ನು ನಾನೇ ಬುದ್ಧಿ ಹೇಳಿ ವಾಪಸು ಕಳಿಸಿದ್ದೆ. "ನಾನು ನಿಮ್ಮಪ್ಪಾಜಿ ಜೊತೆ ಬಾಳ್ಲಿಲ್ವಾ" ಎಂದಿದ್ದೆ. ಇವರೂ ನನ್ನ ಜೊತೆ ತಲೆಯಾಡಿಸಿದ್ದರು.

ಇಷ್ಟು ಹೇಳಿದ ಮೇಲೆ ಟ್ರೇಗಳ ಕಥೆಗೆ ಬರುತ್ತೇನೆ. ಇವರಿಗೆ ನಿವೃತ್ತಿಯಾದ ಮೇಲೆ ಹೀಗೊಂದು ಕೆಲಸ ಸಿಕ್ಕಿದ್ದು ಬಹಳ ಸಂತೋಷ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹತ್ತು ಹತ್ತು ದಿನಕ್ಕೆ ಕೆಂಪು ಇಂಕಿನಲ್ಲಿ ಸುತ್ತು ಹಾಕಿದರು. ಊಟ ಮುಗಿದು ಕೈ ತೊಳೆಯುವ ಮುಂಚೆ, "ಹಾಕ್ಕೊಂಡ್ಯಾ?" ಹಾಲು ತರಲು ಹೋಗಿ ಬಂದರೆ, "ಹಾಕ್ಕೊಂಡ್ಯಾ?" ನಾನು ಮರೆತು ಟ್ರೇಯನ್ನು ಸಿಂಕಿನ ಪಕ್ಕ ಬಿಟ್ಟರೆ ಇವರೇ ಬ್ರಷ್ಷಿನಿಂದ ಉಜ್ಜಿ ತಂದುಕೊಡುತ್ತಿದ್ದರು. ನಿಜ ಹೇಳಬೇಕೆಂದರೆ ಇವರು ಕೆಟ್ಟ ಗಂಡನಲ್ಲ. ನನಗೆ ಟೈಫಾಯ್ಡ್ ಆದಾಗ ಇಪ್ಪತ್ತು ದಿನ ಅಡುಗೆ ಮಾಡಿ ಹಾಕಿದ ಮನುಷ್ಯ. ಕೆಟ್ಟವರಾಗಿದ್ದರೆ ನನ್ನ ಕೆಲಸ ಎಷ್ಟು ಸುಲಭವಾಗುತ್ತಿತ್ತು.

ಟ್ರೇಯಲ್ಲಿ ಹಲ್ಲಿಲ್ಲದ ಜಾಗಕ್ಕೆ ಡಾಕ್ಟರು ಹಲ್ಲಿನ ಬಣ್ಣದ ಲೇಪ ತುಂಬಿಕೊಟ್ಟಿದ್ದರು. ಹಾಕಿಕೊಂಡರೆ ಸಾಲು ಪೂರ್ತಿ ಇರುವಂತೆ ಕಾಣುತ್ತದೆ. ಪಕ್ಕದ ಮನೆಯವರಿಗೆ, ಅಂಗಡಿಯವರಿಗೆ, ಮದುವೆಮನೆಯವರಿಗೆ ಏನೂ ತಿಳಿಯುವುದಿಲ್ಲ. ಟ್ರೇ ತೆಗೆಯುವುದು ಊಟಕ್ಕೆ ಮಾತ್ರ. ಊಟದಲ್ಲಿ ಎದುರಿಗಿರುವವರು ಇವರು ಮಾತ್ರ.

ನಾಲ್ಕನೆಯ ಟ್ರೇ ಹೊತ್ತಿಗೆ ಸಂದಿನಲ್ಲಿ ನಾಲಿಗೆ ತುದಿ ತೂರುತ್ತಿತ್ತು. ಆರನೆಯದಕ್ಕೆ ಕನ್ನಡಿಯಲ್ಲಿ ನನಗೆ ವಠಾರದ ಆ ಹೆಂಗಸಿನ ಮುಖ ಗುರುತು ಸಿಕ್ಕಿತು. ಕಾಲು ಕಾಲು ಮಿಲಿಮೀಟರು ಹಿಂದೆ ಹಿಂದೆ ಸರಿದು, ಹಲ್ಲುಗಳು ಆ ಭಾನುವಾರದ ಕಡೆಗೆ ನಡೆಯುತ್ತಿದ್ದವು. ಏಳನೆಯದನ್ನು ಶುರುಮಾಡಿದ ವಾರ ಇವರು ನನ್ನೆದುರು ಕೂರುವುದನ್ನು ಬಿಟ್ಟು ಪಕ್ಕಕ್ಕೆ ಕೂತರು. ಆಮೇಲೆ ತಟ್ಟೆ ಹಿಡಿದು ಟಿವಿಯ ಮುಂದೆ ಹೋಗತೊಡಗಿದರು. 'ಹಾಕ್ಕೊಂಡ್ಯಾ' ಕಡಿಮೆಯಾಯಿತು. ಕೆಂಪು ಸುತ್ತು ಹಾಕಿದ ದಿನ ಬಂದರೂ ಕ್ಯಾಲೆಂಡರಿನ ಕಡೆ ನೋಡುತ್ತಿರಲಿಲ್ಲ.

ಒಂಬತ್ತನೆಯ ಟ್ರೇ ತೆಗೆದು ನಾನು ಮುದ್ದೆ ಮುರಿಯುತ್ತಿದ್ದಾಗ, ಟಿವಿಯ ಮುಂದಿನಿಂದಲೇ ಕೇಳಿದರು, "ಸಾಕಲ್ವಾ ಇಷ್ಟು ಜಾಗ?"

"ಡಾಕ್ಟ್ರು ಹೇಳ್ಬೇಕು."

"ಇಷ್ಟ್ರಲ್ಲೇ ಒಂದು ಸಣ್ಣ ಹಲ್ಲು ಕೂರ್ಸೋಕೆ ಆಗಲ್ವಾ?"

"ಎಷ್ಟು ಹೋಗಿದ್ಯೋ ಅಷ್ಟೇ ಜಾಗ ಬೇಕಂತೆ ರೀ."

ಇವರು ಟಿವಿಯ ದನಿ ಸ್ವಲ್ಪ ಜೋರು ಮಾಡಿದರು. ನನಗೆ ಆಗ ಖುಷಿಯಾಯಿತು ಎಂದು ಒಪ್ಪಿಕೊಳ್ಳುತ್ತೇನೆ. ನೆನಪು ಸತ್ತಿರಲಿಲ್ಲ, ಮಲಗಿತ್ತು ಅಷ್ಟೆ. ಅವತ್ತೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೆ. ಇವರು ಒಂದು ಸಲ, ತಮ್ಮ ಬಾಯಿಂದ, ಉಮಾಳ ಎದುರಿಗೆ, ನಡೆದದ್ದನ್ನು ಹೇಳಬೇಕು. ನಾನು ಹೇಳುವುದಲ್ಲ. ಇವರು ಹೇಳಬೇಕು. ಅಷ್ಟಾದರೆ ಸಾಕು, ಹಲ್ಲು ಬಂದರೂ ಸರಿ, ಬಾರದಿದ್ದರೂ ಸರಿ.

ಹದಿನಾಲ್ಕು ಮುಗಿದವು. ಇಂಪ್ಲಾಂಟ್ ಹಾಕುವುದಕ್ಕೆ ಶನಿವಾರ ಮಾತ್ರ ಬರುವ ಬೇರೆ ಡಾಕ್ಟರು, ಒಬ್ಬ ಹೆಣ್ಣುಮಗಳು, ನಮ್ಮ ಉಮಾಳ ವಯಸ್ಸಿನವಳು. ಸ್ಕ್ಯಾನು ತೆರೆದು ಪರದೆಯನ್ನು ನಮ್ಮ ಕಡೆ ತಿರುಗಿಸಿದಳು. "ಜಾಗ ಪರ್ಫೆಕ್ಟಾಗಿ ಆಗಿದೆ ಆಂಟಿ. ಆದ್ರೆ ಇಲ್ಲಿ ಮುಂದಿನ ಮೂಳೆ ತುಂಬಾ ತೆಳ್ಳಗಿದೆ, ಸ್ವಲ್ಪ ಮೂಳೆ ಪುಡಿ ತುಂಬ್ಬೇಕಾಗತ್ತೆ. ಜೋರಾಗಿ ಏಟು ಬಿದ್ದಿತ್ತಾ? ಹೇಗಾಗಿದ್ದು?"

ನಾನು ಇವರ ಕಡೆ ತಿರುಗಲಿಲ್ಲ. ಪರದೆಯನ್ನೇ ನೋಡುತ್ತ ಕೂತೆ. ಕಪ್ಪುಬಿಳುಪಿನಲ್ಲಿ ನನ್ನ ತಲೆಬುರುಡೆ ಹಲ್ಲು ಕಿಸಿದುಕೊಂಡಿತ್ತು. ಡಾಕ್ಟರು ಕಾಯುತ್ತಿದ್ದಳು. ಪಕ್ಕದ ಕೋಣೆಯಲ್ಲಿ ಯಾರದೋ ಹಲ್ಲು ಕೊರೆಯುವ ಸದ್ದು ಬಂದು ನಿಂತಿತು.

"ನಾನು ಹೊಡ್ದಿದ್ದೆ" ಎಂದರು ಇವರು.

ಡಾಕ್ಟರ ಬೆರಳು ಕೀಲಿಮಣೆಯ ಮೇಲೆ ಅರೆಗಳಿಗೆ ತಡೆಯಿತು. ಆಮೇಲೆ ಹಳೆಯ ಫಾರಂ ನೋಡಿ, "ಪೆಟ್ಟು ಅಂತ ಮುಂಚೇನೇ ಎಂಟ್ರಿ ಇದೆ" ಎಂದಳು. ಬಚ್ಚಲಲ್ಲಿ ಬಿದ್ದರೂ ಅದೇ ಖಾನೆ, ಗಂಡ ಹೊಡೆದರೂ ಅದೇ ಖಾನೆ. ತಿದ್ದುವುದಕ್ಕೆ ಏನೂ ಇರಲಿಲ್ಲ. ಮೂವತ್ತು ವರ್ಷ ಕಾದ ಮಾತು ಹೀಗೆ ಕಂಪ್ಯೂಟರಿನಲ್ಲಿ ಒಂದು ಅಕ್ಷರವನ್ನೂ ಬದಲಾಯಿಸದೆ ಹೋಯಿತು. ಆದರೆ ಆ ಹುಡುಗಿ ಪರದೆ ಪಕ್ಕಕ್ಕೆ ಸರಿಸಿ, ಇವರನ್ನು ನೋಡದೆ ನನ್ನನ್ನೇ ನೋಡಿ, "ಈಗ ಮನೇಲಿ ಆರಾಮಾಗಿದ್ದೀರಾ ಆಂಟಿ?" ಎಂದು ಕೇಳಿದಳು. ಅಷ್ಟು ವರ್ಷದಲ್ಲಿ ಯಾರೂ ನನ್ನನ್ನು ಆ ಪ್ರಶ್ನೆ ಕೇಳಿರಲಿಲ್ಲ. ಆರಾಮಿದ್ದೀನಮ್ಮ ಎಂದೆ. ಕಣ್ಣಲ್ಲಿ ನೀರು ಬಂತು, ಆ ಕುರ್ಚಿಯಲ್ಲಿ ಯಾರ ಕಣ್ಣಲ್ಲಾದರೂ ಬರುತ್ತದೆ.

ಮನೆಗೆ ಬರುವಾಗ ಆಟೋದಲ್ಲಿ ನಾನೇ ಮಾತೆತ್ತಿದೆ. "ಉಮಂಗೆ ಹೇಳ್ಬೇಕು ನೀವು."

"ಅವಳ್ಗೆ ಯಾಕೆ ಈಗ?"

"ಅವಳು ಇನ್ನೂ ಬಚ್ಚಲಿಗೆ ಹೆದರ್ತಾಳೆ ರೀ."

ಮುಂದಿನ ಶನಿವಾರ ಸ್ಕ್ರೂ ಹಾಕಿದರು. ಅದನ್ನು ಮೂಳೆ ಹಿಡಿದುಕೊಳ್ಳಲು ನಾಲ್ಕು ತಿಂಗಳು ಬೇಕು, ಆಮೇಲೆಯೇ ಮೇಲಿನ ಹಲ್ಲು ಕೂರಿಸುವುದು, ಅಲ್ಲಿಯವರೆಗೆ ಸಂದು ಮುಚ್ಚದ ಹಾಗೆ ಕೊನೆಯ ಟ್ರೇಯನ್ನೇ ಹಾಕಿಕೊಂಡಿರಿ ಎಂದರು. ನಾನು ಇವರಿಗೂ ಅಷ್ಟೇ ಕಾಲ ಕೊಟ್ಟೆ. ಹೇಳುವ ತನಕ ಹಲ್ಲು ಹಾಕಿಸಿಕೊಳ್ಳುವುದಿಲ್ಲ ಎಂದೆ. ಇವರು ಆಗಲಿ ಎಂದರು.

ಉಮಾ ಭಾನುವಾರ ಭಾನುವಾರ ಬರುತ್ತಾಳೆ. ಮೊದಲನೆಯ ತಿಂಗಳು ಇವರು ಅವಳ ಜೊತೆ ಮೆಟ್ರೋ ವಿಷಯ ಮಾತಾಡಿದರು. ಎರಡನೆಯ ತಿಂಗಳು ಕಾಲೇಜಿನ ಪರೀಕ್ಷೆಯ ವಿಷಯ. ಮೂರನೆಯ ತಿಂಗಳು ಒಂದು ಸಲ, "ಉಮಾ, ಒಂದು ವಿಷ್ಯ" ಎಂದು ಶುರುಮಾಡಿ, ಗ್ಯಾಸ್ ಸಿಲಿಂಡರ್ ಬುಕ್ ಮಾಡುವುದು ಹೇಗೆ ಎಂದು ಕೇಳಿದರು. ಇವರು ಹೆಂಡತಿಯ ಬಾಯಿಗೆ ಚೊಂಬು ಬೀಸಲು ಒಂದು ಕ್ಷಣವೂ ಯೋಚಿಸಿದವರಲ್ಲ. ಅದನ್ನು ಬಾಯಲ್ಲಿ ಹೇಳಲು ಹದಿನಾರು ಭಾನುವಾರ ಬೇಕಾಯಿತು.

ಹಲ್ಲು ಕೂರಿಸುವುದು ಮೊದಲಿನ ಡಾಕ್ಟರೇ, ಸೋಮವಾರ ಎಂದು ಗೊತ್ತಾಗಿತ್ತು. ಅದರ ಹಿಂದಿನ ದಿನ ಮಧ್ಯಾಹ್ನ ಮೂವರೂ ಊಟಕ್ಕೆ ಕೂತಿದ್ದೆವು. ಇವರು ಅಂದು ಟಿವಿಯ ಮುಂದೆ ಹೋಗದೆ ನನ್ನೆದುರಿಗೇ ಕೂತರು. ಅನ್ನ ಕಲಸಿದ ಕೈಯನ್ನು ತಟ್ಟೆಯ ಅಂಚಿಗೆ ಒರೆಸಿ ಹೇಳಿದರು, "ಉಮಾ, ನಿಮ್ಮಮ್ಮ ಬಚ್ಚಲಲ್ಲಿ ಜಾರಿ ಬಿದ್ದಿರ್ಲಿಲ್ಲ. ನಾನು ಹೊಡ್ದೆ. ಸ್ಕೂಟರ್ ಸ್ಟಾರ್ಟ್ ಆಗ್ಲಿಲ್ಲ ಅಂತ ನಕ್ಕಿದ್ಲು. ಅದಕ್ಕೆ ಹೊಡ್ದೆ. ತಪ್ಪಾಯ್ತು." ಕೊನೆಯ ಮಾತು ಹೇಳುವಾಗ ಇವರು ನನ್ನನ್ನು ನೋಡಿದರು.

ನಾನು ಈ ಗಳಿಗೆಯನ್ನು ಎಷ್ಟೋ ಸಲ ಮನಸ್ಸಿನಲ್ಲಿ ಆಡಿಸಿ ನೋಡಿದ್ದೆ. ಉಮಾ ಅಳುತ್ತಾಳೆ, ಅಪ್ಪನ ಮೇಲೆ ಕೂಗಾಡುತ್ತಾಳೆ, ನನ್ನನ್ನು ತಬ್ಬಿಕೊಳ್ಳುತ್ತಾಳೆ. ನಾನು ಪರವಾಗಿಲ್ಲ ಬಿಡು ಎನ್ನುತ್ತೇನೆ. ಎಲ್ಲ ನನ್ನ ಪರವಾಗಿಯೇ ಇತ್ತು.

ಉಮಾ ಅಪ್ಪನ ಕಡೆ ನೋಡಲೇ ಇಲ್ಲ. ನನ್ನನ್ನು ಕೇಳಿದಳು, "ಅಮ್ಮ, ಜಾರಿ ಬಿದ್ದೆ ಅಂತ ನಂಗೆ ಹೇಳಿದ್ದು ನೀನಲ್ವಾ?"

"ಹೌದು."

"ದೊಡ್ಡೋಳಾದ್ಮೇಲೂ ಕೇಳಿದ್ದೆ. ಆಗ್ಲೂ ಅದನ್ನೇ ಹೇಳ್ದೆ."

"ಹೌದು ಕಣೇ."

ಅವಳ ದನಿ ಏರಲಿಲ್ಲ. "ಅವನು ಮೊದಲ್ನೇ ಸಲ ನಂಗೆ ಹೊಡ್ದಾಗ ನಾನು ಏನಂದ್ಕೊಂಡೆ ಗೊತ್ತಾ? ನಮ್ಮನೇಲಿ ಯಾವತ್ತೂ ಹೀಗೆ ನಡ್ದಿಲ್ಲ, ಅಪ್ಪಾಜಿ ಅಮ್ಮಂಗೆ ಒಂದಿನ ಕೈ ಎತ್ತಿಲ್ಲ, ಹಾಗಿದ್ರೆ ನಂದೇ ಏನೋ ತಪ್ಪಿರ್ಬೇಕು ಅಂತ. ಎರಡು ಸಲ ಹೇಳ್ಬೇಕು ಅಂತ ಬಂದೆ ಅಮ್ಮ. ನಿಂಗೆ ಇಂಥದ್ದೆಲ್ಲ ಅರ್ಥ ಆಗಲ್ಲ ಅನ್ನಿಸ್ತು. ವಾಪಸ್ ಹೋದೆ."

ನನ್ನ ಕೈಯಲ್ಲಿದ್ದ ತುತ್ತು ಹಾಗೇ ಇತ್ತು. ಇಷ್ಟು ವರ್ಷ ನಾನು ಬಾಯಲ್ಲೊಂದು ಸಾಕ್ಷಿ ಇಟ್ಟುಕೊಂಡು, ನ್ಯಾಯ ಸಿಗಬೇಕಾದವಳು ನಾನೊಬ್ಬಳೇ ಎಂದು ಬೀಗಿಕೊಂಡು ಕೂತಿದ್ದೆ. ಇವರು ಮರೆತ ಪಾಪ ಇವರದು. ನಾನು ನೆನಪಿಟ್ಟುಕೊಂಡೂ ಸುಮ್ಮನಿದ್ದೆನಲ್ಲ, ಆ ಸುಮ್ಮನಿರುವಿಕೆಯೊಳಗೆ ನನ್ನ ಮಗಳನ್ನು ಎರಡು ಸಲ ಬಸ್ಸು ಹತ್ತಿಸಿ ಕಳಿಸಿದ್ದೆ. ಕ್ಷಮಿಸು ಎಂದರೆ ಅದೂ ನನಗಾಗಿಯೇ ಕೇಳಿದ ಹಾಗಾಗುತ್ತಿತ್ತು.

"ಈಗ ಹೇಳು" ಎಂದೆ. "ಮೊದ್ಲಿಂದ ಹೇಳು."

ಅವಳು ಹೇಳತೊಡಗಿದಳು. ಎಲ್ಲಿಗೆ ಹೊಡೆದ, ಯಾವ ಹಬ್ಬದ ದಿನ, ಪಕ್ಕದ ಮನೆಯವರಿಗೆ ತಾನು ಏನೆಂದು ಹೇಳಿದೆ. ಸಾರು ಆರಿತು, ಕೈ ಒಣಗಿತು. ಇವರು ಎದ್ದು ಹೋಗಲಿಲ್ಲ. ನಾನು ನಡುವೆ ಒಂದು ಮಾತೂ ಆಡಲಿಲ್ಲ, ಟೀಚರಾಗಿದ್ದವಳಿಗೆ ಅದು ಸುಲಭದ ಕೆಲಸವಲ್ಲ. ಕತ್ತಲಾದಾಗ ಉಲ್ಲಾಳಕ್ಕೆ ಹೊರಡಬೇಕಿದ್ದವಳು ಉಳಿದುಕೊಂಡಳು. ಮರುದಿನ ಬೆಳಿಗ್ಗೆಯೂ ಹೇಳುತ್ತಿದ್ದಳು.

ಹನ್ನೊಂದು ಗಂಟೆಗೆ ಕ್ಲಿನಿಕ್ಕಿನಿಂದ ಫೋನು ಬಂತು. "ಹತ್ತೂವರೆಗೆ ನಿಮ್ಮ ಅಪಾಯಿಂಟ್ಮೆಂಟ್ ಇತ್ತಲ್ಲ ಆಂಟಿ, ಯಾಕೆ ಬರ್ಲಿಲ್ಲ? ನೋವಿದ್ಯಾ?"

"ಮುಂದಿನ ವಾರ ಬರ್ತೀನಮ್ಮ" ಎಂದೆ. "ಮನೇಲಿ ಮಾತು ಇನ್ನೂ ಮುಗಿದಿಲ್ಲ."